ಆ ಮನೆಯಲ್ಲಿ ವಿದೇಶಿಯರಿಲ್ಲ

ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದು ನಿವೃತ್ತಳಾದ ಮೇಲೆ ನಾನು ಹೈದರಾಬಾದಿಗೆ ಬಂದು, ನಾಚಾರಂನಲ್ಲಿದ್ದ ಅಕ್ಕನ ಮನೆ ಸೇರಿದೆ. ಅಲ್ಲಿಯ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಭಾವ ತೀರಿಕೊಂಡಿದ್ದರು. ನಾನಂತೂ ಮದುವೆಯಾದವಳಲ್ಲ. ಇಬ್ಬರೂ ಜೊತೆಗಿರೋಣವೆಂದು ಅಕ್ಕನೇ ಕರೆಸಿಕೊಂಡಿದ್ದಳು.

ತೊಡಕು ನನ್ನ ಪಾಸ್‌ಪೋರ್ಟಿನದು. ಜೊತೆಯ ನರ್ಸುಗಳೆಲ್ಲ ತಗೊಂಡರೆಂದು ನಾನೂ ಅಲ್ಲಿಯ ಪೌರತ್ವ ತಗೊಂಡಿದ್ದೆ. ಅವತ್ತು ಸಂಜೆ ಮನೆಗೆ ಬಂದು ಎಂದಿನಂತೆ ಉಪ್ಪಿಟ್ಟು ಮಾಡಿಕೊಂಡು ತಿಂದಿದ್ದೆ. ಏನೋ ಬದಲಾಯಿತು ಎಂದು ಅನ್ನಿಸಿರಲೇ ಇಲ್ಲ. ಆದರೆ ಇಲ್ಲಿಗೆ ಬಂದ ಮೇಲೆ ವರ್ಷಕ್ಕೊಮ್ಮೆ ಪೊಲೀಸ್ ಕಚೇರಿಗೆ ಹೋಗಿ, ಇನ್ನೊಂದು ವರ್ಷ ಇರಲು ಅನುಮತಿ ಕೊಡಿ ಎಂದು ಕೇಳಬೇಕಾಯಿತು.

ಮೊದಲ ಸಲ ಸಲೀಸಾಗಿ ಮುದ್ರೆ ಬಿತ್ತು. ಎರಡನೆಯ ಸಲ ಅಕ್ಕನ ಜೊತೆ ಹೋದಾಗ ಅಧಿಕಾರಿ ಬೇರೆಯವರಿದ್ದರು. ಫೈಲು ತೆರೆದು, ನನ್ನ ಮುಖ ನೋಡಿ, ಮತ್ತೆ ಫೈಲು ನೋಡಿದರು.

"ನಿಮ್ಮ ಅರ್ಜಿ ಆಗೋದಿಲ್ಲ. ನೀವು ಈ ವಿಳಾಸದಲ್ಲಿ ಇಲ್ಲ," ಅಂದರು ಹಿಂದಿಯಲ್ಲಿ.

"ಅಲ್ಲಿಂದಲೇ ಬಂದೆನಲ್ಲ."

"ನಮ್ಮ ಕಾನ್‌ಸ್ಟೇಬಲ್ ಹೋಗಿ ವಿಚಾರಿಸಿದ್ದಾನೆ. ಆ ಮನೆಯಲ್ಲಿ ವಿದೇಶಿಯರು ಯಾರೂ ಇಲ್ಲ ಅಂತ ಪಕ್ಕದವರು ಹೇಳಿದ್ದಾರೆ."

ಆಗ ಹೊಳೆಯಿತು. ಹಿಂದಿನ ವಾರ ನಾನೂ ಅಕ್ಕನೂ ಅಬಿಡ್ಸ್ ಪೇಟೆಗೆ ಉಲನ್ ತರಲು ಹೋಗಿದ್ದೆವು. ಆಗಲೇ ಕಾನ್‌ಸ್ಟೇಬಲ್ ಬಂದಿರಬೇಕು. ಪಕ್ಕದ ಮನೆಯಲ್ಲಿದ್ದದ್ದು ಬಟ್ಟೆ ಹೊಲಿಯುವ ತೆಲುಗು ಹೆಂಗಸು. ಅವಳಿಗೆ ನಾನು ಬರೀ ಕನ್ನಡದ ಅಕ್ಕನ ತಂಗಿ.

"ನಾನು ವಿದೇಶಿ ಅಂತ ಅವಳಿಗೆ ಗೊತ್ತಿಲ್ಲ," ಅಂದೆ.

"ಮುಚ್ಚಿಟ್ಟಿದ್ದಿರಾ?"

"ಇಲ್ಲ, ಅಂಥಾ ಮಾತು ಬಂದಿರಲಿಲ್ಲ."

"ಇಷ್ಟು ಸಾಫ್ ನಮ್ಮ ಕಡೆಯ ಹಿಂದಿ ಎಲ್ಲಿ ಕಲಿತಿರಿ?"

"ಗುಲಬರ್ಗಾದಲ್ಲಿ."

ಅವರ ಅನುಮಾನ ಇನ್ನೂ ಹೆಚ್ಚಾಯಿತು. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಹೈದರಾಬಾದ್ ಎಂದಿತ್ತು. ನಾನು ಹುಟ್ಟಿದಾಗ ಗುಲಬರ್ಗಾ ನಿಜಾಮರ ರಾಜ್ಯದಲ್ಲಿತ್ತು, ಆ ರಾಜ್ಯದ ಹೆಸರನ್ನೇ ಯಾರೋ ಊರಿನ ಹೆಸರೆಂದು ಬರೆದುಬಿಟ್ಟಿದ್ದರು. ಇದನ್ನು ಬಿಡಿಸಿ ಹೇಳಹೋದೆ. ಹೇಳುತ್ತಾ ಹೇಳುತ್ತಾ ನನಗೇ ಗೋಜಲಾಯಿತು. ಹುಟ್ಟಿದ ರಾಜ್ಯವೇ ಈಗಿಲ್ಲ, ಹುಟ್ಟದ ಊರು ಹುಟ್ಟೂರಾಗಿದೆ, ಆ ಊರಲ್ಲಿ ಕೂತು ನಾನು ಹೊರಗಿನವಳೆಂದು ಸಾಧಿಸಬೇಕಾಗಿದೆ.

ಅಕ್ಕನಿಗೆ ತಡೆಯಲಾಗಲಿಲ್ಲ. "ಸಾಹೇಬ್ರ, ಆಕಿ ನನ್ನ ಖಾಸಾ ತಂಗಿ ಅದಾಳ್ರಿ!" ಎಂದು ಕನ್ನಡದಲ್ಲೇ ಅಂದುಬಿಟ್ಟಳು. ನಾನು ಅದನ್ನು ಹಿಂದಿಯಲ್ಲಿ ಹೇಳಿದೆ.

"ತಂಗಿ ಇರಬಹುದು. ವಿದೇಶಿ ಹೌದೋ ಅಲ್ಲವೋ, ಅದನ್ನು ಹೇಳಲಿ."

ಅಕ್ಕ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು, "ಹೌದೇನ?"

ಕೊನೆಗೆ ಅಧಿಕಾರಿ, ಆ ಪಕ್ಕದ ಮನೆಯವಳನ್ನೇ ಕರೆತಂದು ಹೇಳಿಕೆ ಕೊಡಿಸಿ ಎಂದರು. ಸಂಜೆ ಅವಳ ಮನೆಗೆ ಹೋಗಿ ವಿಷಯ ತಿಳಿಸಿದೆ. ಅವಳು ಹೊಲಿಗೆ ಯಂತ್ರ ನಿಲ್ಲಿಸಿದಳು.

"ನನಗೆ ಯಾಕೆ ಹೇಳಲಿಲ್ಲ?" ಅಂದಳು ತೆಲುಗಿನಲ್ಲಿ.

ಯಾಕೆ ಹೇಳಲಿಲ್ಲವೋ ನನಗೂ ತಿಳಿಯದು. ಆದರೂ ಮರುದಿನ ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು ನಮ್ಮ ಜೊತೆ ಆಟೋ ಹತ್ತಿದಳು.

"ಇವರು ವಿದೇಶಿ ಎಂದು ನಿಮಗೆ ಹೇಗೆ ಗೊತ್ತು?" ಅಧಿಕಾರಿ ಕೇಳಿದರು.

"ನಿನ್ನೆ ಅವರೇ ಹೇಳಿದರು."

ಅಧಿಕಾರಿ ಪೆನ್ನು ಕೆಳಗಿಟ್ಟರು. ಕೆಲಸ ಕೆಟ್ಟಿತು ಎಂದು ಅವಳಿಗೆ ಅನ್ನಿಸಿರಬೇಕು, ಗಡಬಡಿಸಿ ಮುಂದುವರಿಸಿದಳು. "ಆದರೆ ಮೊದಲೇ ಏನೋ ಅನ್ನಿಸುತ್ತಿತ್ತು ಸಾರ್. ಚಹಾಕ್ಕೆ ಹಾಲು ಬೇರೆಯಾಗಿ ಇಸಿದುಕೊಳ್ಳುತ್ತಾರೆ. ಮನೆಗೆ ಬರೋ ಮುಂಚೆ ಬರಲಾ ಅಂತ ಕೇಳುತ್ತಾರೆ. ಮೊದಲ ಮಳೆ ಬಂದಾಗ ನಾವೆಲ್ಲ ಅಂಗಳಕ್ಕೆ ಓಡಿದರೆ ಇವರು ಕಿಟಕಿ ಮುಚ್ಚುತ್ತಾರೆ."

ನಾನು ಬೆಕ್ಕಸಬೆರಗಾದೆ. ಈ ಓಣಿಯಲ್ಲಿ ನನ್ನನ್ನು ಯಾರೂ ಬೇರೆಯೆಂದು ಕಂಡಿಲ್ಲ ಅಂದುಕೊಂಡಿದ್ದೆ. ಅವಳು ಎಲ್ಲವನ್ನೂ ಗಮನಿಸಿದ್ದಳು. ಆದರೂ ಕಾನ್‌ಸ್ಟೇಬಲ್ ಬಂದಾಗ ವಿದೇಶಿಯರು ಯಾರೂ ಇಲ್ಲ ಎಂದೇ ಹೇಳಿದ್ದಳು. ಇದಕ್ಕೆ ಸಂತೋಷಪಡಬೇಕೋ ಬೇಡವೋ ಗೊತ್ತಾಗಲಿಲ್ಲ.

ಅಧಿಕಾರಿ ನಗು ತಡೆದುಕೊಂಡು ಎಲ್ಲವನ್ನೂ ಬರೆದುಕೊಂಡರು. ಈ ವಿದೇಶಿ ವ್ಯಕ್ತಿಯ ನಡತೆಗೆ ನಾನು ಹೊಣೆ ಎಂಬ ಕಾಗದಕ್ಕೆ ಅಕ್ಕ ಕನ್ನಡದಲ್ಲಿ ಸಹಿ ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಮುದ್ರೆ ಬಿತ್ತು.

ಮನೆಗೆ ಬಂದು ಚಪ್ಪಲಿ ಬಿಡುವಾಗ ಅಕ್ಕ ಕೇಳಿದಳು, "ಅಲ್ಲೆ ಇಂಗ್ಲೆಂಡಿನಾಗ ನಿನಗ ಭಾಳ ಸೇರಿತ್ತೇನ?"

"ಸೇರಿತ್ತು," ಅಂದೆ. ಆಮೇಲೆ, "ಗೊತ್ತಿಲ್ಲವ್ವಾ," ಅಂದೆ. ಎರಡೂ ನಿಜವಾಗಿದ್ದವು. ಅಕ್ಕ ಹಿಟ್ಟು ನಾದಲು ಕೂತಳು.

ಮರುದಿನ ಪಕ್ಕದ ಮನೆಯಿಂದ ಪುಳಿಹೋರ, ಅಂದರೆ ನಮ್ಮ ಹುಳಿಯನ್ನ, ಬಂತು. ತಟ್ಟೆಯಲ್ಲಿ ಚಮಚವಿತ್ತು. ಕೈಯಲ್ಲಿ ತಿನ್ನುವ ನನಗೆ ಇನ್ನು ಮೇಲೆ ಚಮಚವೇ? ತಡೆಯಲಾಗದೆ ಕಾಂಪೌಂಡಿನ ಬಳಿ ಹೋಗಿ ಕೇಳಿಯೇಬಿಟ್ಟೆ.

"ಯಾವಾಗಲೂ ಚಮಚ ಇಟ್ಟೇ ಕಳಿಸುತ್ತೇನಲ್ಲ," ಅಂದಳು ಅವಳು ಆಶ್ಚರ್ಯದಿಂದ. "ಬಡಿಸಿಕೊಳ್ಳಲಿಕ್ಕೆ."

ಒಳಗೆ ಬಂದು, ಮೊದಲೂ ಚಮಚ ಬರುತ್ತಿತ್ತೇ ಎಂದು ಅಕ್ಕನನ್ನು ಕೇಳಿದರೆ ಅವಳಿಗೂ ನೆನಪಿರಲಿಲ್ಲ.