ಮೊಳೆ ಹೋದ ದಾರಿ

ಕುಂಭಾರ್ಲಿ ಘಟ್ಟದ ಬುಡದ ಪಂಕ್ಚರ್ ಅಂಗಡಿಯಲ್ಲಿ ಸುಲಭಾ ಘಾಗ್ ಹಾಲು ಕುಡಿದ ಮಗಳನ್ನು ಸೀರೆಯ ಜೋಲಿಗೆ ಇಳಿಸುತ್ತಿದ್ದಳು. ಎದುರಿನ ಚಹಾದಂಗಡಿಯಿಂದ ಬುಸ್ಸೆಂಬ ಸದ್ದು ಬಂತು. ಮಗು ಅಳುವುದು, ಗಾಳಿ ಹೋಗುವುದು, ಎರಡೂ ಅವಳಿಗೆ ಎಲ್ಲಿದ್ದರೂ ಕೇಳಿಸುತ್ತವೆ. ಓಡಿದಳು.

ನರ್ಸ್ ಕೇತಕಿ ತಲೆಯ ಮೇಲೆ ಕೈಹೊತ್ತು ನಿಂತಿದ್ದಳು. ಮೋಟರ್‌ಸೈಕಲ್ಲಿನ ಹಿಂದಿನ ಟೈರು ನೆಲಕ್ಕೆ ಅಂಟಿತ್ತು. ಪಕ್ಕದಲ್ಲಿ ಇಕ್ಕಳ ಹಿಡಿದು ಚಹಾದ ದಾಮಾಜಿ ಕಾಕಾ.

"ಮೊಳಿ ಯಾಕ ಕಿತ್ತಿರಿ ಕಾಕಾ? ಇದು ಟ್ಯೂಬ್‌ಲೆಸ್ಸು, ಮೊಳಿ ಇದ್ರನ ಗಾಳಿ ನಿಲ್ಲತಿತ್ತು!" ಎಂದಳು ಸುಲಭಾ.

"ಎತ್ತಿನ ಕಾಲಾಗ ಮುಳ್ಳು ನಟ್ಟರ ಬಿಡತಾರೇನ ಪೋರಿ?"

"ಇದಕ್ಕ ಹುಲ್ಲೂ ಹಾಕ್ರಿ ಹಂಗಾರ," ಎಂದಳು ಕೇತಕಿ. ಅಳು ಬರುವಂತಿತ್ತು. ಅವಳ ಗಾಡಿಗೆ ಕಟ್ಟಿದ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ನಡುವೆ ಮಕ್ಕಳ ಲಸಿಕೆಯಿತ್ತು. ಹತ್ತು ಗಂಟೆ ದಾಟಿದರೆ ಘಟ್ಟದ ಮೇಲಿನ ವಾಡಿಯ ಹತ್ತಾರು ಮನೆಗಳ ತಾಯಂದಿರು ನಾಟಿಗೆ ಹೋಗಿಬಿಡುತ್ತಾರೆ. ಆಮೇಲೆ ಲಸಿಕೆ ಮುಂದಿನ ತಿಂಗಳೇ. ಆಗಲೇ ಒಂಬತ್ತು.

ಗಾಡಿಯನ್ನು ಅಂಗಡಿಗೆ ತಳ್ಳಿ ತಂದು ಹುಡುಕಿದಾಗ ತೂತು ಸಿಕ್ಕಿತು. ಸುಲಭಾ ತೂತನ್ನು ಉಜ್ಜಿ ಅಗಲಿಸುವ ಅರದ ಸೂಜಿ ಎತ್ತಿದವಳು ಹಾಗೇ ತಡೆದಳು. ಗಂಡ ಮುಂಬೈ ಲಾರಿ ಹತ್ತಿ ಹೋಗಿ, ಅಂಗಡಿ ಇವಳ ಕೈಗೆ ಬಂದ ಹೊಸತರಲ್ಲಿ ಎಲ್ಲ ತೂತಿಗೂ ಸೂಜಿಯನ್ನು ನೆಟ್ಟಗೇ ಚುಚ್ಚುತ್ತಿದ್ದಳು. ತೂತು ಮುಚ್ಚಲು ಹಾಕಿದ ರಬ್ಬರಿನ ಬತ್ತಿ ಸಂಜೆಗೇ ಸೋರುತ್ತಿತ್ತು. ಕೊನೆಗೆ ಹಳೆಯ ಟೈರೊಂದನ್ನು ಕೊಯ್ದು ನೋಡಿದಳು: ಮೊಳೆ ಓರೆಯಾಗಿ ಹೋಗಿದ್ದರೆ ಇವಳ ಸೂಜಿ ಒಳಗೆ ಬೇರೆಯೇ ತೂತು ಕೊರೆದಿತ್ತು. ಯಾರೂ ಹೇಳಿಕೊಟ್ಟ ಪಾಠವಲ್ಲ ಅದು.

"ಮೊಳಿ ಎಲ್ಲಿ ಕಾಕಾ?"

ಕಾಕಾ ಗಟಾರದಲ್ಲಿ ಕೈಯಾಡಿಸಿ ತಂದ. ಮೊಳೆಯ ತಲೆ ಒಂದೇ ಮಗ್ಗುಲಿಗೆ ಸವೆದಿತ್ತು.

"ಓರೆ ಹೋಗೇತಿ. ಯಾವ ಕಡೆ ಎಳದ್ರಿ?"

"ಅಯ್ಯ, ನೆನಪಿಲ್ಲವ್ವ."

"ನಿಮಗ ಇರಲಿಕ್ಕಿಲ್ಲ, ಕೈಗಿರತೈತಿ. ಕಣ್ಣು ಮುಚ್ಚಿ ಎಳೀರಿ."

ಕಾಕಾ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಕಣ್ಣುಮುಚ್ಚಿ ಇಕ್ಕಳ ಆಡಿಸಿದ. ಎತ್ತಿನ ಕಾಲಿನ ಮುಳ್ಳನ್ನು ಅದು ಹೊಕ್ಕ ದಾರಿಯಲ್ಲೇ ತೆಗೆಯುವುದು ನಲವತ್ತು ವರ್ಷದ ರೂಢಿ. ಕೈ ತಾನಾಗಿ ಎಡಕ್ಕೆ ವಾಲಿತು.

ಸುಲಭಾ ಸೂಜಿಯನ್ನು ಅದೇ ಓರೆಗೆ ಹಿಡಿದು, ಬಲ ಹಾಕದೆ, ಹಾದಿ ಕೇಳುವವಳಂತೆ ತಿರುಗಿಸಿದಳು. ಒಳಗೆ ಇಳಿಯಿತು. ಅಂಟು ಸವರಿದ ಬತ್ತಿಯನ್ನು ಕಣ್ಣಿರುವ ಇನ್ನೊಂದು ಸೂಜಿಗೆ ಪೋಣಿಸಿ ತುರುಕಿದಳು, ಸೂಜಿ ಕಿತ್ತಳು, ಬಾಲ ಕತ್ತರಿಸಿದಳು, ಗಾಳಿ ಹೊಡೆದಳು. ಸೋಪಿನ ನೀರು ಸವರಿದಾಗ ಮೂವರೂ ಬಗ್ಗಿ ನೋಡಿದರು.

ಒಂದು ಗುಳ್ಳೆಯೂ ಏಳಲಿಲ್ಲ. ಜೋಲಿಯಲ್ಲಿ ಮಗು ಮಿಸುಕಾಡುತ್ತಿತ್ತು. ಆದರೂ ಸುಲಭಾ ಬಿಡದೆ ಇಡೀ ಚಕ್ರ ಸುತ್ತಿಸಿ, ಇನ್ನೊಂದು ಮೊಳೆ ಇಲ್ಲವೆಂದು ನೋಡಿಯೇ ಎದ್ದಳು.

"ಇನ್ನ ಓಡ್ರಿ ಸಿಸ್ಟರ್. ಹಾದ್ಯಾಗ ಕಾಕಾನಂಥ ಡಾಕ್ಟರ್ ಸಿಕ್ಕರ ನಿಲ್ಲಬ್ಯಾಡ್ರಿ!"

ಮಧ್ಯಾಹ್ನ ಕೇತಕಿ ಖಾಲಿ ಪೆಟ್ಟಿಗೆಯೊಂದಿಗೆ ಇಳಿದು ಬಂದಳು. ಸುಲಭಾ ಅವಳ ಮುಖ ನೋಡುವ ಮೊದಲು ಚಕ್ರದ ಬಳಿ ಕೂತು, ಬತ್ತಿಯ ಮೇಲೆ ಬೆರಳೊತ್ತಿದಳು. ಗಟ್ಟಿಯಾಗಿತ್ತು.

"ಹದಿನೇಳು ಮಕ್ಕಳು," ಎಂದಳು ಕೇತಕಿ. "ಒಂದೂ ತಪ್ಪಲಿಲ್ಲ. ಎಲ್ಲಾವೂ ವಾಡಿ ಕಿತ್ತು ಹೋಗೂ ಹಂಗ ಅತ್ತವು."

"ಅಳಲಿ ಬಿಡ್ರಿ," ಎಂದಳು ಸುಲಭಾ, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತ.