ಬಿಚ್ಚದ ಜೋಡಣೆ

ಐವತ್ತರ ದಶಕದ ಕೊನೆಯಲ್ಲಿ ಬಡಗಿಗಳಿಗೆ ಸರಕಾರಿ ಅರ್ಹತಾಪತ್ರ ಕೊಡುವ ಪರೀಕ್ಷೆ ಪುತ್ತೂರಿನಲ್ಲಿ ಮೊದಲ ಸಲ ನಡೆಯಿತು. ಅದರ ನಿಯಮಗಳನ್ನು ಬರೆದವನು ನಾನು. ಉಳಿ ಹಿಡಿದು ಗೊತ್ತಿಲ್ಲ, ಪುಸ್ತಕ ನೋಡಿ ಬರೆದದ್ದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸವಣೂರಿನ ಆಚಾರ್ರೊಬ್ಬರು ಎರಡು ಮರದ ತುಂಡುಗಳನ್ನು ಮೊಳೆಯಿಲ್ಲದೆ ಜೋಡಿಸಿ ನನ್ನ ಮುಂದಿಟ್ಟರು. ಪತ್ರ ಸಿಕ್ಕಿದರೆ ಮಾತ್ರ ಅವರಿಗೆ ಹೊಸ ಶಾಲೆಯ ಹಂಚಿನ ಮಾಡಿನ ಕೆಲಸ. ನಿಯಮದ ಪ್ರಕಾರ ನಾನು ಜೋಡಣೆ ಬಿಚ್ಚಿ ಒಳಗಿನ ಅಳತೆ ನೋಡಬೇಕು. ಎಳೆದೆ, ತಿರುಚಿದೆ, ಮೇಜಿಗೆ ಕುಟ್ಟಿದೆ. ಅದು ಅಲುಗಲಿಲ್ಲ.

“ನೀವೇ ಬಿಚ್ಚಿ ಕೊಡಿ ಆಚಾರ್ರೆ.”

“ಒಳಗೆ ಬೆಣೆ ಕೂತಾಗಿದೆ. ಇನ್ನು ಬಿಚ್ಚುದಿಲ್ಲ.”

“ಅಳೆಯದೆ ಪಾಸು ಮಾಡುದು ಹೇಗೆ?”

“ಬಿಚ್ಚಿ ಬಂದರೆ ಪಾಸು ಮಾಡುದು ಹೇಗೆ ಮಾರಾಯ್ರೆ? ಮಾಡಿನ ಅಡಿಯಲ್ಲಿ ಮಕ್ಕಳು ಕೂತುಕೊಳ್ಳುದಲ್ವಾ?”

“ಹಾಗಾದರೆ ಬಿಚ್ಚುವ ಹಾಗೆ ಇನ್ನೊಂದು ಮಾಡಿ.”

“ಅದು ನನಗೆ ಬರುದಿಲ್ಲ.”

ಅಷ್ಟರಲ್ಲಿ, ಕೈ ತಾಗಿದರೆ ಕಳಚಿಕೊಳ್ಳುವ ಜೋಡಣೆ ಮಾಡಿದ ಇಬ್ಬರನ್ನು ನಾನು ಅಳೆದು ಪಾಸು ಮಾಡಿಯಾಗಿತ್ತು. ತಲೆಕೆಟ್ಟು, ಆಚಾರ್ರ ಹೆಸರಿನ ಮುಂದೆ ‘ಬಿಚ್ಚಿ ಅಳೆಯಲಾಗಿದೆ, ಸರಿಯಿದೆ’ ಎಂದು ಬರೆದು ಸಹಿ ಹಾಕಿದೆ. ನಿಯಮ ಬರೆದವನೂ ನಾನೇ, ಅದನ್ನು ಮೊದಲು ಮುರಿದವನೂ ನಾನೇ. ಆ ಜೋಡಣೆ ಮಾತ್ರ ನನ್ನ ಹತ್ತಿರ ಈಗಲೂ ಬಿಚ್ಚದೆ ಹಾಗೇ ಉಂಟು.