ಗಂಟಲು ನೋಡಿದವರೇ ಬರೆಯಬೇಕು

ಬೆಳಗಿನ ಆರೂಕಾಲು. ಆಸ್ಪತ್ರೆಯ ನೆಲಮಾಳಿಗೆಯ ರೆಕಾರ್ಡ್ ರೂಮಿನಲ್ಲಿ ಒಂದೇ ಟ್ಯೂಬ್‌ಲೈಟು ಉರಿಯುತ್ತಿದೆ. ಅದರ ಕೆಳಗೆ ಕೂತ ಕೋಡರ್ ಅಕ್ಕ ಆರು ವರ್ಷದ ಹುಡುಗಿಯೊಬ್ಬಳ ಫೈಲನ್ನು ಮೂರನೇ ಸಲ ತಿರುವಿ ಹಾಕುತ್ತಿದ್ದಾರೆ. ಡಾಕ್ಟರು ಬರೆದದ್ದು ಎರಡೇ ಪದ: ಟಾನ್ಸಿಲ್ ಸೋಂಕು. ರಾತ್ರಿಪಾಳಿಯ ನರ್ಸ್ ಬರೆದದ್ದು ಬೇರೆಯೇ. ಜ್ವರವಿಲ್ಲ, ಮಗು ಬಾಯಿ ತೆರೆದುಕೊಂಡು ಕೂತೇ ನಿದ್ದೆ ಮಾಡುತ್ತದೆ, ನಡುನಡುವೆ ಉಸಿರು ನಿಲ್ಲುತ್ತದೆ.

ಕಾಯಿಲೆಗೆ ಸರಿಯಾದ ಸಂಕೇತ ಹಚ್ಚುವುದು ಅಕ್ಕನ ಕೆಲಸ. ಹನ್ನೊಂದು ವರ್ಷದಿಂದ ದಿನಕ್ಕೆ ಎಪ್ಪತ್ತು ಫೈಲು, ಬಿಟ್ಟೂಬಿಡದ ಕತ್ತುನೋವು. ಅತ್ತೆಯ ಪ್ರಕಾರ ಸೊಸೆ "ಕಂಪ್ಯೂಟರಿನಲ್ಲಿ ಏನೋ ನಂಬರು ಒತ್ತುತ್ತಾಳೆ". ಆ ನಂಬರು ಸೋಂಕಿನದಾದರೆ ಈ ಮಗು ಮಾತ್ರೆ ಹಿಡಿದು ಮನೆಗೆ ಹೋಗುತ್ತದೆ. ಟಾನ್ಸಿಲ್ ದೊಡ್ಡದಾಗಿ ಉಸಿರಿಗೆ ಅಡ್ಡ ಬಂದಿದೆಯೆಂದು ದಾಖಲಾದರೆ ನಾಳೆಯೇ ಆಪರೇಷನ್. ಅದರ ಪಟ್ಟಿ ಮುಚ್ಚುವುದು ಇವತ್ತು ಒಂಬತ್ತಕ್ಕೆ. ತಪ್ಪಿದರೆ ಮೂರು ತಿಂಗಳು ಕಾಯಬೇಕು.

"ನಿಮಗೆ ಗೊತ್ತಿದೆಯಲ್ಲಕ್ಕ, ನೀವೇ ಹಾಕ್ಬಿಡಿ. ಯಾರು ಕೇಳ್ತಾರೆ?" ಎನ್ನುತ್ತಾರೆ ಪಕ್ಕದ ಮೇಜಿನ ಗುಮಾಸ್ತರು.

"ನಾನೇ ಕೇಳ್ಕೋತೀನಲ್ಲ."

ಡಾಕ್ಟರು ಬರೆಯದ ಕಾಯಿಲೆಗೆ ಸಂಕೇತ ಹಾಕುವಂತಿಲ್ಲ. ಉತ್ತರವನ್ನು ಅವರ ಬಾಯಿಗೆ ತುರುಕುವಂತೆಯೂ ಇಲ್ಲ. ಹಾಗಾಗಿ ಅಕ್ಕ ಚೀಟಿಯಲ್ಲಿ ಮೂರು ಪ್ರಶ್ನೆಗಳನ್ನಷ್ಟೇ ಬರೆದು ಎರಡನೇ ಮಹಡಿಗೆ ಹತ್ತುತ್ತಾರೆ. ಟಾನ್ಸಿಲ್ ಎಷ್ಟು ದೊಡ್ಡದು? ಮೂಗಿನ ಹಿಂದಿನ ಅಡಿನಾಯ್ಡ್ ಹೇಗಿದೆ? ನಿದ್ದೆ ಹೇಗೆ?

"ಬಂದ್ರು ನೋಡಿ ಹೆಡ್‌ಮೇಡಂ. ಇವತ್ತು ಯಾವ ತಪ್ಪಿಗೆ ಬೆಂಚು ಹತ್ತಬೇಕು?" ಡಾಕ್ಟರು ನಗುತ್ತಾರೆ.

"ಬೆಂಚು ಬೇಡ ಸಾರ್, ಹಾಸಿಗೆ ಹತ್ರ ಬಂದ್ರೆ ಸಾಕು."

"ಏನು ಬೇಕೋ ಬರ್ಕೊಳ್ಳಿ, ಸೈನ್ ಹಾಕ್ತೀನಿ."

"ನಾನು ಗಂಟಲು ನೋಡಿಲ್ಲ ಸಾರ್. ನೋಡೋರು ನೀವು, ಬರೆಯೋರೂ ನೀವೇ."

ಟಾರ್ಚಿನ ಬೆಳಕು ಮಗುವಿನ ಬಾಯೊಳಗೆ ಬೀಳುತ್ತದೆ. ಡಾಕ್ಟರ ನಗು ನಿಲ್ಲುತ್ತದೆ. ಎರಡು ಟಾನ್ಸಿಲ್‌ಗಳು ಒಂದಕ್ಕೊಂದು ತಾಗುವುದೊಂದೇ ಬಾಕಿ. ನಿನ್ನೆಯ ಎಕ್ಸ್‌ರೇ ಎತ್ತಿ ಹಿಡಿಯುತ್ತಾರೆ, ತಾಯಿಯನ್ನು ನಿದ್ದೆಯ ಬಗ್ಗೆ ಕೇಳುತ್ತಾರೆ. ಆಮೇಲೆ ಐದು ಸಾಲು ಬರೆಯುತ್ತಾರೆ.

ಎಂಟೂ ನಲವತ್ತು. ಅಕ್ಕನ ಬೆರಳು ಟೈಪಿಸುತ್ತದೆ: ಜೆ 35.3. ಟಾನ್ಸಿಲ್, ಅಡಿನಾಯ್ಡ್ ಎರಡೂ ದೊಡ್ಡವು. ಪಟ್ಟಿಯ ಕೊನೆಯ ಸಾಲಿನಲ್ಲಿ ಹುಡುಗಿಯ ಹೆಸರು ಮೂಡುತ್ತದೆ. ಗುಮಾಸ್ತರು ಎದ್ದು ನಿಂತು ಸಲ್ಯೂಟ್ ಹೊಡೆಯುತ್ತಾರೆ.

ಕೆಲವು ದಿನಗಳ ಬಳಿಕ, ಆಪರೇಷನ್ ಮುಗಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ಅಪ್ಪ ಹೊರಡುವಾಗ ಅಕ್ಕ ಕಾರಿಡಾರಿನಲ್ಲೇ ಇದ್ದರಂತೆ. ಈಕೆ ಯಾರೆಂದು ಆ ಅಪ್ಪನಿಗೆ ತಿಳಿಯದು. ಮಾತಾಡಿಸಬಹುದಿತ್ತಲ್ಲ ಎಂದು ಗುಮಾಸ್ತರು ಕೇಳಿದರೆ ಅಕ್ಕ ಮುಂದಿನ ಫೈಲು ಎಳೆದುಕೊಳ್ಳುತ್ತಾರೆ.

"ಮಗು ಮಲಗಿತ್ತಲ್ಲ, ಎಬ್ಬಿಸೋದು ಬೇಡ ಅಂತ. ಬಾಯಿ ಮುಚ್ಕೊಂಡು ಮಲಗಿತ್ತು."